ಓದುವ ಮಕ್ಕಳು ಪಾರ್ಟ್ ಟೈಮ್ ಕೆಲಸಕ್ಕೆ ಹೋಗಬಹುದೇ?

ಭಾನುವಾರ ಊರಿಗೆ ಫೋನ್ ಮಾಡುತ್ತೀರಿ. "ಅಪ್ಪಾ, ಸ್ಕೂಲ್ ಬಿಟ್ಮೇಲೆ ಮೊಬೈಲ್ ಅಂಗಡೀಲಿ ಕೆಲ್ಸಕ್ಕೆ ಕರೀತಿದಾರೆ, ಹೋಗ್ಲಾ?" ಅಂತ ಒಂಬತ್ತನೇ ಕ್ಲಾಸಿನ ಮಗ ಕೇಳುತ್ತಾನೆ. ಏಜೆಂಟನ ಸಾಲ ಇನ್ನೂ ತೀರಿಲ್ಲ. "ಹೋಗು" ಅನ್ನಲು ಮನಸ್ಸಿಲ್ಲ, "ಬೇಡ" ಅನ್ನಲು ಧೈರ್ಯವಿಲ್ಲ. ವರ್ಕ್ ಪರ್ಮಿಟ್‌ನಲ್ಲಿ ಸಿಂಗಪುರಕ್ಕೆ ಬಂದವರು ಹೆಂಡತಿ ಮಕ್ಕಳನ್ನು ಜೊತೆಗೆ ಕರೆತರುವಂತಿಲ್ಲ. ಹಾಗಾಗಿ ಇಂಥ ತೀರ್ಮಾನ ಫೋನಿನಲ್ಲೇ ಆಗಬೇಕು. ಉತ್ತರ ಕೊಡುವ ಮೊದಲು ಇದನ್ನು ಓದಿ.

1. ಕಾನೂನು ಏನು ಹೇಳುತ್ತದೆ?

ನಮ್ಮ ದೇಶದ 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆಯಿತು. ಅದರ ಪ್ರಕಾರ 14 ತುಂಬದ ಮಕ್ಕಳನ್ನು ಅಂಗಡಿ, ಹೋಟೆಲ್, ಗ್ಯಾರೇಜು ಎಲ್ಲಿಯೂ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಮನೆಯವರ ಕಸುಬಿಗೆ ಕೈಜೋಡಿಸಬಹುದು, ಅದೂ ಅಪಾಯದ ಕೆಲಸ ಆಗಿರಬಾರದು. 14ರಿಂದ 18ರವರು ಗಣಿ, ಪಟಾಕಿಯಂಥ ಅಪಾಯದ ಕೆಲಸ ಮಾಡುವಂತಿಲ್ಲ. ಬೇರೆ ಕೆಲಸವಾದರೂ ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಮಾಡಿಸುವಂತಿಲ್ಲ. ಓವರ್‌ಟೈಮ್ ಇಲ್ಲ, ವಾರಕ್ಕೊಂದು ರಜೆ ಕೊಡಲೇಬೇಕು.

ಸಿಂಗಪುರದಲ್ಲೂ 13 ತುಂಬದವರು ಕೆಲಸ ಮಾಡುವಂತಿಲ್ಲ. 13ರಿಂದ 15ರವರಿಗೆ ಹಗುರ ಕೆಲಸ ಮಾತ್ರ.

ಈಗ ನೀವೇ ಲೆಕ್ಕ ಹಾಕಿ. ಸ್ಕೂಲು ಬಿಡೋದು ನಾಲ್ಕೂವರೆಗೆ. ಏಳರೊಳಗೆ ಉಳಿಯೋದು ಎರಡೂವರೆ ಗಂಟೆ. "ರಾತ್ರಿ ಒಂಬತ್ತರವರೆಗೆ ಇರಲಿ" ಅನ್ನುವ ಮಾಲೀಕ ಕಾನೂನು ಮುರಿಯುತ್ತಿದ್ದಾನೆ.

2. ಲಾಭ ಇಲ್ಲವೇ?

ಇದೆ. ದುಡ್ಡಿನ ಬೆಲೆ ಗೊತ್ತಾಗುತ್ತದೆ, ನಾಲ್ಕು ಜನರ ಜೊತೆ ಮಾತಾಡುವ ಧೈರ್ಯ ಬರುತ್ತದೆ. ಅಬ್ದುಲ್ ಕಲಾಂ ಹುಡುಗನಾಗಿದ್ದಾಗ ರಾಮೇಶ್ವರದಲ್ಲಿ ಪೇಪರ್ ಹಂಚಿದವರು. ಆದರೆ ಅವರು ಶಾಲೆ ಬಿಡಲಿಲ್ಲ ಅನ್ನೋದನ್ನೂ ಮರೆಯಬೇಡಿ.

3. ನಷ್ಟ ಎಲ್ಲಿ?

ಮೊದಲು ನಿದ್ದೆ ಹೋಗುತ್ತದೆ, ಆಮೇಲೆ ಹಾಜರಿ, ಕೊನೆಗೆ ಎಸ್ಸೆಸ್ಸೆಲ್ಸಿ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಕಲಿಯಲು ಹತ್ತನೇ ಕ್ಲಾಸ್ ಪಾಸಾಗಿರಬೇಕು. ಕೈಗೆ ಸಂಬಳ ಬಂದ ಹುಡುಗನನ್ನು ಮತ್ತೆ ಬೆಂಚಿನ ಮೇಲೆ ಕೂರಿಸೋದು ಕಷ್ಟ. ಸೈಟಿನಲ್ಲಿ ಡ್ರಾಯಿಂಗ್ ಓದಬಲ್ಲವನಿಗೂ ಬರೀ ಹೊರುವವನಿಗೂ ಇರುವ ವ್ಯತ್ಯಾಸ ನೀವು ದಿನಾ ನೋಡುತ್ತಿದ್ದೀರಿ.

4. ಒಪ್ಪುವ ಮೊದಲು ಕೇಳಿ

• ಮಗನಿಗೆ 14 ತುಂಬಿದೆಯೇ? ಕೆಲಸ ಏನು, ಎಷ್ಟು ಹೊತ್ತಿಗೆ ಬಿಡುತ್ತಾರೆ?
• ಪರೀಕ್ಷೆ ಹತ್ತಿರ ಬಂದಾಗ ನಿಲ್ಲಿಸಬಹುದೇ? ರಜೆಯಲ್ಲಿ ಮಾತ್ರ ಹೋದರೆ ಸಾಲದೇ?
• ದುಡ್ಡು ಅವನ ಓದಿಗೋ, ನಿಮ್ಮ ಸಾಲಕ್ಕೋ? ಸಾಲಕ್ಕೆ ಎಂದಾದರೆ ಬೇಡ. ಅದು ದೊಡ್ಡವರ ಹೊರೆ.
• ಮಗಳು ಮನೆಯಲ್ಲಿ ಅಡುಗೆ, ನೀರು, ತಮ್ಮನ ಆರೈಕೆ ಎಲ್ಲ ಮಾಡುತ್ತಿದ್ದಾಳೆಯೇ? ಸಂಬಳ ಇಲ್ಲದಿದ್ದರೂ ಅದೂ ಕೆಲಸವೇ. ಅವಳಿಗೂ ಓದಲು ಹೊತ್ತು ಬೇಕು.

ಯಾರಾದರೂ ಮಗುವನ್ನು ಬಲವಂತವಾಗಿ ದುಡಿಸುತ್ತಿದ್ದರೆ ಊರಿನಲ್ಲಿರುವವರು 1098ಕ್ಕೆ ಫೋನ್ ಮಾಡಲಿ, ದುಡ್ಡು ಕೊಡಬೇಕಿಲ್ಲ.

ಮುಂದಿನ ಭಾನುವಾರ ಮಗನ ಹತ್ತಿರ "ಎಷ್ಟು ಕೊಡ್ತಾರೆ?" ಅಂತ ಮೊದಲು ಕೇಳಬೇಡಿ. "ಈ ವಾರ ಎಷ್ಟು ದಿನ ಸ್ಕೂಲಿಗೆ ಹೋದೆ, ಮಗಾ?" ಅಂತ ಕೇಳಿ.