ಮನೆ ಕಳಕೊಂಡವರ ಭಾವಚಿತ್ರವನ್ನು ತೆಗೆಯುವ ಬಗೆ

(ಮೇಲಿನ ತರಗತಿಗಳ ವಿದ್ಯಾರ್ಥಿನಿಯರಿಗಾಗಿ)

ನಾಲ್ಕು ವರುಷಗಳ ಹಿಂದೆ ನಮ್ಮ ಶಾಲೆಯ ಚಿತ್ರಪ್ರದರ್ಶನದಲ್ಲಿ ಒಂದು ಭಾವಚಿತ್ರಕ್ಕೆ ಮೊದಲನೆಯ ಬಹುಮಾನವನ್ನು ಕೊಟ್ಟೆವು. ಅಂಕೋಲೆಯ ಪೇಟೆಯಲ್ಲಿ ಅಂಗಡಿಯೊಂದರ ಜಗಲಿಯ ಮೇಲೆ ನಿದ್ರಿಸುತ್ತಿದ್ದ ವೃದ್ಧೆಯೊಬ್ಬರ ಚಿತ್ರವದು. ಕೆಳಗೆ ‘ನಿರ್ಗತಿಕೆ’ ಎಂದು ನಾವೇ ಬರೆಯಿಸಿದೆವು. ಮರುದಿನದಿಂದ ಎಂಟನೆಯ ತರಗತಿಯ ಬಾಲಕಿಯೊಬ್ಬಳು ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಆ ವೃದ್ಧೆಯೇ ಮೊಮ್ಮಗಳ ಕೈಹಿಡಿದುಕೊಂಡು ನಮ್ಮ ಕೋಣೆಗೆ ಬಂದರು. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಗಂಗಾವಳಿಯ ದಂಡೆಯಲ್ಲಿದ್ದ ಅವರ ಮನೆಯು ಬಿದ್ದುದು ನಿಜ. ಆದರೆ ಅವರು ಮಗಳ ಮನೆಯಲ್ಲಿದ್ದುಕೊಂಡು, ದಿನಾಲು ಪೇಟೆಗೆ ಬಂದು ಬಸಳೆ, ಹರಿವೆಗಳನ್ನು ಮಾರಿ, ಬುಟ್ಟಿ ಬರಿದಾದ ಮೇಲೆ ಬಸ್ಸು ಬರುವ ತನಕ ಆ ಜಗಲಿಯಲ್ಲಿ ಅಡ್ಡಾಗುತ್ತಿದ್ದರು. ಚಿತ್ರವು ಅಂದವಾಗಲೆಂದು ನಾವು ಆ ಬುಟ್ಟಿಯನ್ನು ಕತ್ತರಿಸಿಬಿಟ್ಟಿದ್ದೆವು.

“ನನ್ಗೂ ಒಂದು ಹೆಸ್ರದೆ ಅಕ್ಕೋರೆ. ಕೇಳುಕೆ ಆಗ್ಲಿಲ್ವೆ?” ಎಂದರು. ಈ ಪಾಠವು ಅಂದಿನ ನಮ್ಮ ನಾಚಿಕೆಯಿಂದ ಹುಟ್ಟಿದ್ದು.

ಮನೆಯಿಲ್ಲದವರು ಯಾರು? 2011ರ ಜನಗಣತಿಯವರು ಫೆಬ್ರುವರಿ 28ರ ರಾತ್ರಿ ರಸ್ತೆಯ ಅಂಚು, ಸೇತುವೆಯ ಅಡಿ, ರೈಲು ನಿಲ್ದಾಣ, ಮಂಟಪಗಳಲ್ಲಿ ಮಲಗಿದವರನ್ನು ಎಣಿಸಿದರು. ದೇಶದಲ್ಲಿ ಅಂಥವರು ಸುಮಾರು 17 ಲಕ್ಷ 73 ಸಾವಿರ. ಆ ವೃದ್ಧೆಯಂತೆ ಮನೆಯನ್ನು ಕಳಕೊಂಡು ಬೇರೊಂದು ಸೂರಿನ ಕೆಳಗೆ ಇರುವವರು ಈ ಲೆಕ್ಕದಲ್ಲಿ ಬರುವದಿಲ್ಲ. ನಮ್ಮ ಸೀಮೆಯಲ್ಲಿ ಇರುವವರೋ ಹೆಚ್ಚಾಗಿ ಅಂಥವರೇ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ ಗಾಂಧಿಯವರು ಅಡಿಗಲ್ಲಿಟ್ಟ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆ ತಾಲ್ಲೂಕುಗಳ ನಾಲ್ಕು ಸಾವಿರಕ್ಕೂ ಮಿಕ್ಕಿದ ಕುಟುಂಬಗಳು ಮನೆಮಾರುಗಳನ್ನು ಬಿಟ್ಟೆದ್ದವು. ದೇಶರಕ್ಷಣೆಯ ಕೆಲಸ ದೊಡ್ಡದೆಂಬದರಲ್ಲಿ ನಮಗೆ ಸಂಶಯವಿಲ್ಲ; ಬಿಟ್ಟುಕೊಟ್ಟವರ ಮುಖಗಳನ್ನು ಯಾರೂ ಜೋಡಿಸಿಡಲಿಲ್ಲವಲ್ಲಾ ಎಂಬದೇ ನಮ್ಮ ವ್ಯಸನ. ತೋಡೂರು, ಮುದಗಾ, ಚಿತ್ತಾಕುಲಗಳ ಪುನರ್ವಸತಿ ಕೇರಿಗಳಲ್ಲಿ ಹಳೆಯ ಊರನ್ನು ಕಂಡ ಹಿರಿಯರು ವರುಷವರುಷಕ್ಕೂ ಕಡಿಮೆಯಾಗುತ್ತಿದ್ದಾರೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೊಳೆಯ ನೀರು ಉಕ್ಕಿ ಆಚೆಯ ದಡದ ಉಳುವರೆಯ ಮನೆಗಳನ್ನು ಕೆಡವಿತು. ಸೆಪ್ಟೆಂಬರ್ 25ರಂದು ಕೇರಳದ ಲಾರಿಯು ದೊರೆಯುವವರೆಗೆ ಈಚೆಯ ದಡದಲ್ಲಿ ಎಷ್ಟೋ ಕ್ಯಾಮರಾಗಳು ಇದ್ದವು. ಅವುಗಳಲ್ಲಿ ಉಳುವರೆಯ ಕಡೆಗೆ ತಿರುಗಿದವು ಸ್ವಲ್ಪವೇ.

ಹಾಗೆಂದು ಕ್ಯಾಮರಾ ತಿರುಗಿದ ಮಾತ್ರದಿಂದ ನ್ಯಾಯವಾಯಿತೆಂದು ತಿಳಿಯಬಾರದು. ಅಮೇರಿಕೆಯಲ್ಲಿ 1936ರ ಮಾರ್ಚ್ ತಿಂಗಳಲ್ಲಿ, ಕ್ಯಾಲಿಫೋರ್ನಿಯದ ನಿಪೋಮೊ ಎಂಬ ಊರಿನ ಬಳಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಡೊರೊಥಿಯಾ ಲ್ಯಾಂಗ್ ಎಂಬಾಕೆಯು ಮಕ್ಕಳೊಂದಿಗೆ ಕುಳಿತ ತಾಯಿಯೊಬ್ಬಳ ಚಿತ್ರವನ್ನು ತೆಗೆದಳು. ‘ವಲಸೆಯ ತಾಯಿ’ ಎಂದು ಅದು ಲೋಕಪ್ರಸಿದ್ಧವಾಯಿತು. ಪತ್ರಿಕೆಯಲ್ಲಿ ಸುದ್ದಿ ಬಂದೊಡನೆ ಸರಕಾರವು ಬಿಡಾರಕ್ಕೆ ಆಹಾರವನ್ನು ಕಳುಹಿಸಿತು. ಅಷ್ಟರಲ್ಲಿ ಆ ಕುಟುಂಬವು ಮುಂದಕ್ಕೆ ಹೋಗಿಬಿಟ್ಟಿತ್ತು. ಲ್ಯಾಂಗ್ ಆಕೆಯ ಹೆಸರನ್ನು ಕೇಳಿರಲಿಲ್ಲ. ಹೊಟ್ಟೆಗಾಗಿ ಆಕೆಯು ಮೋಟಾರಿನ ಟಯರುಗಳನ್ನು ಮಾರಿಕೊಂಡಳೆಂದು ಬರೆದಳು; ಹಾಗೆ ನಡೆದೇ ಇಲ್ಲವೆಂದು ಮಕ್ಕಳು ಆಮೇಲೆ ಹೇಳಿದರು. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆಕೆಯ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ, ಅಂದರೆ ನಾಲ್ವತ್ತೆರಡು ವರುಷಗಳ ತರುವಾಯ. ಆ ಚಿತ್ರದಿಂದ ಆಕೆಗೆ ಒಂದು ಕಾಸೂ ಬಂದಿರಲಿಲ್ಲ. ಚಿತ್ರವು ಶ್ರೇಷ್ಠವಾದದ್ದೇ; ನಾವು ಅದನ್ನು ಇಂದಿಗೂ ತರಗತಿಯಲ್ಲಿ ತೋರಿಸುತ್ತೇವೆ. ಆದರೆ ಲಾಜರನ ಸಾಮ್ಯವನ್ನು ನೆನಸಿಕೊಳ್ಳಿರಿ. ಅಲ್ಲಿ ಐಶ್ವರ್ಯವಂತನಿಗೆ ಹೆಸರಿಲ್ಲ, ಬಾಗಿಲಲ್ಲಿ ಬಿದ್ದಿದ್ದ ದರಿದ್ರನಿಗೆ ಹೆಸರಿದೆ.

ಆದಕಾರಣ, ಬಾಲಕಿಯರೇ, ಮೊದಲನೆಯ ದಿನ ಕ್ಯಾಮರಾವನ್ನು (ಈಗ ಎಲ್ಲರಿಗೂ ಮೊಬೈಲೇ ಕ್ಯಾಮರಾ) ಚೀಲದಿಂದ ಹೊರತೆಗೆಯಬೇಡಿರಿ. ಕುಳಿತು ಮಾತಾಡಿರಿ. ಏತಕ್ಕಾಗಿ ಚಿತ್ರ, ಎಲ್ಲಿ ತೂಗಹಾಕುವದು, ಯಾರು ನೋಡುವರು ಎಂಬದನ್ನು ಹೇಳಿ ಅಪ್ಪಣೆ ಕೇಳಿರಿ. ಹೆಸರು ಹಾಕುವದು ಬೇಡವೆಂದರೆ ಹಾಕಬೇಡಿರಿ. ಕೇಳದೆ ಬಿಡುವದು ಬೇರೆ, ಕೇಳಿ ಬಿಡುವದು ಬೇರೆ. ನಿದ್ರಿಸುವವರನ್ನೂ ಅಳುವವರನ್ನೂ ತೆಗೆಯಕೂಡದು. ನಿಂತು ಮೇಲಿನಿಂದ ತೆಗೆದರೆ ಎಂಥವರೂ ಕುಗ್ಗಿದಂತೆ ಕಾಣುವರು. ಅವರು ನೆಲದ ಮೇಲಿದ್ದರೆ ನೀವೂ ನೆಲದ ಮೇಲೆ ಕುಳಿತು ಕಣ್ಣಿನ ಮಟ್ಟದಿಂದ ತೆಗೆಯತಕ್ಕದ್ದು. ಬಾಗಿಲ ಕಡೆಯಿಂದ ಬರುವ ಬೆಳಕು ಸಾಕು. ಕೈಗಳನ್ನು ಬಿಡಬೇಡಿರಿ, ಬಲೆ ಹೆಣೆದ ಕೈಯೂ ನಾಟಿ ಮಾಡಿದ ಕೈಯೂ ಮುಖದಷ್ಟೇ ಮಾತಾಡುತ್ತವೆ.

ನೌಕಾನೆಲೆಯ ಕಡೆಗೆ ಕ್ಯಾಮರಾವನ್ನು ತಿರುಗಿಸುವದು ನಿಷಿದ್ಧ. ಆದ್ದರಿಂದ ಅಲ್ಲಿಂದ ಎದ್ದುಬಂದವರ ಹಳೆಯ ಮನೆಯ ನೆಲೆಯನ್ನು ಚಿತ್ರದಲ್ಲಿ ತೋರಿಸಲಾಗದು. ಅದನ್ನು ಅವರ ಮಾತಿನಿಂದಲೇ ಕಟ್ಟಬೇಕು. ‘ನಿಮಗೆ ದುಃಖವಾಯಿತೇ?’ ಎಂದು ಕೇಳಬೇಡಿರಿ; ಅದಕ್ಕೆ ಉತ್ತರ ಒಂದೇ. ಬಾಗಿಲು ಯಾವ ದಿಕ್ಕಿಗಿತ್ತು, ಬಾವಿಯ ನೀರು ಬೇಸಗೆಯಲ್ಲಿ ಉಪ್ಪಾಗುತ್ತಿತ್ತೇ, ದೋಣಿಯನ್ನು ಎಲ್ಲಿ ಎಳೆದಿಡುತ್ತಿದ್ದಿರಿ, ಬಿಟ್ಟು ಬರುವಾಗ ಏನನ್ನು ಹೊತ್ತು ತಂದಿರಿ ಎಂದು ಕೇಳಿರಿ. ಕೊಂಕಣಿಯಲ್ಲಿ ಹೇಳಿದರೆ ಕೊಂಕಣಿಯಲ್ಲಿಯೇ, ಹಾಲಕ್ಕಿ ಮಾತಿನಲ್ಲಿ ಹೇಳಿದರೆ ಹಾಗೆಯೇ ಬರೆಯಿರಿ. ನಿಮ್ಮ ಶಾಲೆಯ ಕನ್ನಡಕ್ಕೆ ತಿದ್ದಬೇಡಿರಿ. ಬರೆದದ್ದನ್ನು ಅವರಿಗೆ ಓದಿಹೇಳಿರಿ, ಅಲ್ಲವೆಂದದ್ದನ್ನು ಹೊಡೆದುಹಾಕಿರಿ. ತಾರೀಖು, ಊರು ತಪ್ಪದಿರಲಿ. ಕಾಗದದ ಮೇಲೆ ಅಚ್ಚುಹಾಕಿಸಿದ ಮೊದಲನೆಯ ಪ್ರತಿಯು ಅವರದು.

ಆ ವೃದ್ಧೆಯ ಕ್ಷಮೆ ಬೇಡಿ, ಬಹುಮಾನದ ಚಿತ್ರವನ್ನು ಅವರೆದುರಿಗೇ ಇಳಿಸಿದೆವು. ಇನ್ನೊಂದು ಚಿತ್ರವನ್ನು ತೆಗೆಯಬಹುದೇ ಎಂದು ಅಳುಕುತ್ತಲೇ ಕೇಳಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ ಮೊಮ್ಮಗಳ ಮುಖವನ್ನು ನೋಡಿದರು. ಬೆಳಿಗ್ಗೆ ಬುಟ್ಟಿ ತುಂಬಿರುವಾಗ ಬರಬೇಕೆಂದರು.