ಫ್ಯಾಕ್ಟರಿ ಮೂರು, ನಂಬರ್ ಒಂದು



ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವರು ನಮ್ಮಲ್ಲಿ ಬಹಳ ಮಂದಿ. ಸಂಬಳದಲ್ಲಿ ಪಿಎಫ್ ಹಿಡಿಯುತ್ತಾರೆ ಎಂದು ಎಲ್ಲರಿಗೂ ಗೊತ್ತು. ಆ ದುಡ್ಡು ಎಲ್ಲಿಗೆ ಹೋಗುತ್ತದೆ? ವಯಸ್ಸಾದ ಮೇಲೆ ಹೇಗೆ ಬರುತ್ತದೆ? ಈ ಪಾಠದಲ್ಲಿ ತಿಳಿಯೋಣ.

ಇದು ಜಯಮ್ಮನ ಕತೆ. ಜಯಮ್ಮ ಕತೆಯ ಹೆಂಗಸು. ಆದರೆ ಅವಳಂಥವರು ಪೀಣ್ಯದಲ್ಲಿ ಇದ್ದಾರೆ. ಬೊಮ್ಮನಹಳ್ಳಿಯಲ್ಲಿ ಇದ್ದಾರೆ. ನಿಮ್ಮ ಬೀದಿಯಲ್ಲೂ ಇರಬಹುದು.

ಬಿಸ್ಕತ್ ಡಬ್ಬಿ

ಗಂಡ ತೀರಿಕೊಂಡ ಮೇಲೆ ಜಯಮ್ಮ ಗಾರ್ಮೆಂಟ್ಸ್‌ಗೆ ಸೇರಿದಳು. ಅದು 2014ರ ಕೊನೆ. ಬಟ್ಟೆಯ ದಾರ ಕತ್ತರಿಸುವ ಹೆಲ್ಪರ್ ಕೆಲಸ. ಮೊದಲನೆಯ ಫ್ಯಾಕ್ಟರಿಯಲ್ಲಿ 4 ವರ್ಷ ದುಡಿದಳು. ಆ ಫ್ಯಾಕ್ಟರಿ ಬಾಗಿಲು ಹಾಕಿತು. ಎರಡನೆಯದರಲ್ಲಿ 3 ವರ್ಷ 8 ತಿಂಗಳು. ಮೂರನೆಯದರಲ್ಲಿ 2 ವರ್ಷ 7 ತಿಂಗಳು. ಆಮೇಲೆ ಮಂಡಿ ನೋವು ಬಂತು. ದಿನವಿಡೀ ನಿಲ್ಲಲು ಆಗಲಿಲ್ಲ. ಕೆಲಸ ಬಿಟ್ಟಳು.

ಜಯಮ್ಮನಿಗೆ ಆಗ ಓದು ಬರುತ್ತಿರಲಿಲ್ಲ. ಆದರೂ ಫ್ಯಾಕ್ಟರಿಯಲ್ಲಿ ಕೊಟ್ಟ ಒಂದು ಚೀಟಿಯನ್ನೂ ಬಿಸಾಡಲಿಲ್ಲ. ಎಲ್ಲವನ್ನೂ ಬಿಸ್ಕತ್ ಡಬ್ಬಿಯಲ್ಲಿ ಇಟ್ಟಳು.

58 ವರ್ಷ ತುಂಬಲು ಎರಡು ತಿಂಗಳು ಇತ್ತು. ಒಬ್ಬ ಏಜೆಂಟ್ ಮನೆಗೆ ಬಂದ.

“ನಿಮ್ಮ ಪಿಎಫು, ಪೆನ್ಷನ್ನು ಎಲ್ಲಾ ಒಟ್ಟಿಗೆ ಎತ್ತಿಸಿಕೊಡ್ತೀನಿ. ಈ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ. ನಂಗೆ ಐದು ಸಾವಿರ ಕೊಟ್ರೆ ಸಾಕು” ಅಂದ.

ಜಯಮ್ಮ ಹೆಬ್ಬೆಟ್ಟು ಒತ್ತಲಿಲ್ಲ. “ನಾನೀಗ ರುಜು ಹಾಕ್ತೀನಿ. ಓದಿದ ಮೇಲೆ ಹಾಕ್ತೀನಿ” ಅಂದಳು. ಕಾಗದವನ್ನೂ ಡಬ್ಬಿಯನ್ನೂ ತೆಗೆದುಕೊಂಡು ರಾತ್ರಿ ತರಗತಿಗೆ ಬಂದಳು.

ಸಂಬಳದ ಚೀಟಿ

ತರಗತಿಯಲ್ಲಿ ಎಲ್ಲರೂ ಡಬ್ಬಿಯ ಸುತ್ತ ಕುಳಿತರು. ಟೀಚರಮ್ಮ ಕೊನೆಯ ಸಂಬಳದ ಚೀಟಿ ತೆಗೆದರು.

“ಜಯಮ್ಮ, ನೀವೇ ಓದಿ.”

ಜಯಮ್ಮ ಬೆರಳಿಟ್ಟು ಓದಿದಳು. “ಮೂಲ ವೇತನ, ತುಟ್ಟಿಭತ್ಯೆ ಸೇರಿ 9,100 ರೂಪಾಯಿ. ಪಿಎಫ್ 1,092 ರೂಪಾಯಿ.”

“ಸರಿ. ನೂರಕ್ಕೆ 12ರಂತೆ ನಿಮ್ಮಿಂದ 1,092 ಹಿಡಿದರು. ಮಾಲೀಕರೂ ಅಷ್ಟೇ ಕಟ್ಟಬೇಕು. ಅವರ 1,092 ರೂಪಾಯಿ ಎರಡು ಭಾಗ ಆಗುತ್ತೆ. 758 ರೂಪಾಯಿ ಪೆನ್ಷನ್ನಿಗೆ. 334 ರೂಪಾಯಿ ಪಿಎಫ್‌ಗೆ.”

“ಹಂಗಾದ್ರೆ ಪಿಎಫ್ ಬೇರೆ, ಪೆನ್ಷನ್ ಬೇರೆಯಾ?” ಎಂದು ಶಾಂತಕ್ಕ ಕೇಳಿದಳು.

“ಬೇರೆ ಬೇರೆ. ಪಿಎಫ್ ಅಂದ್ರೆ ಇಡುಗಂಟು. ಒಂದೇ ಸಲಕ್ಕೆ ಬರುತ್ತೆ. ಪೆನ್ಷನ್ ಅಂದ್ರೆ ತಿಂಗಳು ತಿಂಗಳು ಬರೋದು. ಬದುಕಿರೋವರೆಗೂ ಬರೋದು.”

ಕೆಲಸಗಾರರ ಈ ಪೆನ್ಷನ್ ಯೋಜನೆ 1995ರ ನವೆಂಬರ್‌ನಲ್ಲಿ ಶುರುವಾಯಿತು. ಇದರ ಮುಖ್ಯ ನಿಯಮ ಇದು. 10 ವರ್ಷದ ಸೇವೆ ಇರಬೇಕು. 58 ವರ್ಷ ವಯಸ್ಸು ತುಂಬಬೇಕು. 10 ವರ್ಷ ಇಲ್ಲದಿದ್ದರೆ ತಿಂಗಳ ಪೆನ್ಷನ್ ಇಲ್ಲ. ಒಂದಿಷ್ಟು ಹಣ ಕೊಟ್ಟು ಲೆಕ್ಕ ಮುಗಿಸುತ್ತಾರೆ.

ಹತ್ತು ವರ್ಷ ಎಲ್ಲಿ ಹೋಯಿತು?

ಟೀಚರಮ್ಮ ಮೂರು ಫ್ಯಾಕ್ಟರಿಯ ಚೀಟಿಗಳನ್ನು ಸಾಲಾಗಿ ಇಟ್ಟರು. ಪ್ರತಿಯೊಂದರಲ್ಲೂ 12 ಅಂಕಿಯ ಒಂದು ನಂಬರ್ ಇತ್ತು. ಅದಕ್ಕೆ ಯುಎಎನ್ ಎನ್ನುತ್ತಾರೆ. ಇದು 2014ರಲ್ಲಿ ಬಂತು. ಎಷ್ಟು ಫ್ಯಾಕ್ಟರಿ ಬದಲಾಯಿಸಿದರೂ ಒಬ್ಬರಿಗೆ ಒಂದೇ ಯುಎಎನ್ ಇರಬೇಕು.

ಜಯಮ್ಮ ಅಂಕಿಗಳನ್ನು ಹೋಲಿಸಿದಳು. “ಎರಡನೇದೂ ಮೂರನೇದೂ ಒಂದೇ. ಮೊದಲನೇದು ಬೇರೆ!”

ಯಾಕೆ ಹಾಗಾಯಿತು? ಎರಡನೆಯ ಫ್ಯಾಕ್ಟರಿ ಸೇರಿದಾಗ ಅರ್ಜಿಯನ್ನು ಯಾರೋ ತುಂಬಿದ್ದರು. “ಹಳೆ ಪಿಎಫ್ ಇದೆಯೇ?” ಎಂಬ ಕಡೆ “ಇಲ್ಲ” ಎಂದು ಬರೆದಿದ್ದರು. ಹೊಸ ನಂಬರ್ ಬಂತು. ಅದೂ ಅಲ್ಲದೆ ಮೊದಲನೆಯ ಚೀಟಿಯಲ್ಲಿ ಹೆಸರು “ಜಯಲಕ್ಷ್ಮಿ” ಎಂದಿತ್ತು. ಆಧಾರ್ ಕಾರ್ಡಿನಲ್ಲಿ “ಜಯಮ್ಮ” ಎಂದಿತ್ತು. ಎರಡೂ ಒಬ್ಬಳೇ ಎಂದು ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು?

ಟೀಚರಮ್ಮ ಹಲಗೆಯ ಮೇಲೆ ಬರೆದರು.

ಹಳೆಯ ನಂಬರ್: 4 ವರ್ಷ
ಹೊಸ ನಂಬರ್: 6 ವರ್ಷ 3 ತಿಂಗಳು
ಎರಡೂ ಸೇರಿದರೆ: 10 ವರ್ಷ 3 ತಿಂಗಳು

“ಬೇರೆ ಬೇರೆ ಇದ್ರೆ ಎರಡರಲ್ಲೂ ಪೆನ್ಷನ್ ಇಲ್ಲ. ಕೂಡಿಸಿದ್ರೆ ಇದೆ. ಎಷ್ಟು ಬರುತ್ತೆ ನೋಡೋಣ. ಕೊನೆಯ 60 ತಿಂಗಳ ಸರಾಸರಿ ಸಂಬಳ ತಗೋಬೇಕು. ನಿಮ್ಮದು 9,100 ಅಂತ ಇಟ್ಟುಕೊಳ್ಳಿ. ಅದನ್ನು ಸೇವೆಯ ವರ್ಷದಿಂದ ಗುಣಿಸಬೇಕು. 70ರಿಂದ ಭಾಗಿಸಬೇಕು.”

9,100ನ್ನು 10ರಿಂದ ಗುಣಿಸಿದರೆ 91,000. ಅದನ್ನು 70ರಿಂದ ಭಾಗಿಸಿದರೆ 1,300.

ತಿಂಗಳಿಗೆ 1,300 ರೂಪಾಯಿ. ಮೇಲಿನ 3 ತಿಂಗಳು ಲೆಕ್ಕಕ್ಕೆ ಬರಲಿಲ್ಲ. ಆರು ತಿಂಗಳು ಅಥವಾ ಹೆಚ್ಚು ಇದ್ದಿದ್ದರೆ ಅದನ್ನು ಒಂದು ವರ್ಷ ಎಂದು ಹಿಡಿಯುತ್ತಿದ್ದರು.

ಜಯಮ್ಮ ಏಜೆಂಟ್ ಕೊಟ್ಟ ಕಾಗದ ನೋಡಿದಳು. ಅದರ ತಲೆಯ ಮೇಲೆ “10 ಸಿ” ಎಂದಿತ್ತು. ಅದು ಪೆನ್ಷನ್ ಹಣವನ್ನು ಎತ್ತಿ ಲೆಕ್ಕ ಮುಗಿಸುವ ಅರ್ಜಿ. ತಿಂಗಳ ಪೆನ್ಷನ್ ಕೇಳುವ ಅರ್ಜಿಯೇ ಬೇರೆ. ಅದು “10 ಡಿ”.

“ಅಯ್ಯೋ, ಒಂದು ಹೆಬ್ಬೆಟ್ಟಿಗೆ ಹತ್ತು ವರ್ಷ ಹೋಗಿಬಿಡ್ತಿತ್ತು” ಅಂದಳು.

ಶಾಂತಕ್ಕನ ಮಾತು

ಶಾಂತಕ್ಕ ಸುಮ್ಮನೆ ಕುಳಿತಿದ್ದಳು. ಆಮೇಲೆ ಹೇಳಿದಳು.

“ನಾನು ಎರಡು ಸಲ ಎಲ್ಲಾ ಎತ್ತಿಬಿಟ್ಟೆ. ಒಂದ್ಸಲ ಮಗಳ ಬಾಣಂತನಕ್ಕೆ. ಇನ್ನೊಂದ್ಸಲ ಸಾಲಕ್ಕೆ. ಎರಡನೇ ಸಲ 60,000 ಬರಬೇಕಿತ್ತು. 54,000 ಬಂತು. ಆರು ಸಾವಿರ ಎಲ್ಲಿ ಹೋಯ್ತೋ!”

“ಅದು ಆದಾಯ ತೆರಿಗೆ” ಎಂದರು ಟೀಚರಮ್ಮ. “ಸೇವೆ 5 ವರ್ಷ ತುಂಬುವ ಮೊದಲೇ 50,000 ಅಥವಾ ಹೆಚ್ಚು ಪಿಎಫ್ ತೆಗೆದ್ರೆ ನೂರಕ್ಕೆ 10 ರೂಪಾಯಿ ತೆರಿಗೆ ಹಿಡೀತಾರೆ. ಪ್ಯಾನ್ ಕಾರ್ಡ್ ಕೊಡದಿದ್ರೆ ಇನ್ನೂ ಹೆಚ್ಚು.”

“ನಾನು ಅಲ್ಲಿ 3 ವರ್ಷ, ಇಲ್ಲಿ 3 ವರ್ಷ 8 ತಿಂಗಳು ಮಾಡಿದ್ನಲ್ಲ?”

“ಮೊದಲನೇದನ್ನು ಎತ್ತದೆ ಎರಡನೇದಕ್ಕೆ ಸೇರಿಸಿದ್ರೆ 6 ವರ್ಷ 8 ತಿಂಗಳು ಆಗ್ತಿತ್ತು. ಆಗ ಈ ತೆರಿಗೆ ಹಿಡೀತಿರಲಿಲ್ಲ. ಹಿಡಿದ ತೆರಿಗೇನ ವಾಪಸ್ ಕೇಳಬಹುದು. ವರ್ಷದ ಆದಾಯ ತೆರಿಗೆಯ ಮಟ್ಟಕ್ಕಿಂತ ಕಡಿಮೆ ಇದ್ರೆ, ಗಡುವಿನೊಳಗೆ ರಿಟರ್ನ್ ಹಾಕಬೇಕು.”

ಶಾಂತಕ್ಕ ಮಾಡಿದ್ದು ತಪ್ಪು ಎನ್ನೋಣವೇ? ಕಷ್ಟ ಬಂದಾಗ ನಮ್ಮ ದುಡ್ಡು ನಮಗೆ ಬೇಕು. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂದಿತು. ಮಾಲೀಕರು ಕಟ್ಟಿದ ಪಿಎಫ್ ಪಾಲನ್ನು 58 ವರ್ಷದವರೆಗೆ ತೆಗೆಯಬಾರದು ಎಂದಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ರಸ್ತೆಗೆ ಇಳಿದರು. ಹೊಸೂರು ರಸ್ತೆ ನಿಂತುಹೋಯಿತು. ತುಮಕೂರು ರಸ್ತೆ ನಿಂತುಹೋಯಿತು. 19ರಂದೇ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು.

ಆದರೆ ಒಂದು ಮಾತು. ಪಿಎಫ್ ತೆಗೆಯುವ ಅರ್ಜಿ ಬೇರೆ. ಅದು “19”. ಕಷ್ಟಕ್ಕೆ ಪಿಎಫ್ ತೆಗೆದರೂ ಪೆನ್ಷನ್ ಭಾಗವನ್ನು ಮುಟ್ಟದೆ ಬಿಡಬಹುದು. ಆಗ ದುಡಿದ ವರ್ಷಗಳು ಉಳಿಯುತ್ತವೆ. ಇದನ್ನು ಶಾಂತಕ್ಕನಿಗೆ ಯಾರೂ ಹೇಳಿರಲಿಲ್ಲ.

“ನಂಗೀಗ 48. ಈ ಫ್ಯಾಕ್ಟರೀಲಿ 2 ವರ್ಷ ಆಗಿದೆ” ಅಂದಳು ಶಾಂತಕ್ಕ.

“ಇನ್ನು 8 ವರ್ಷ ದುಡಿದ್ರೆ 10 ಆಗುತ್ತೆ. ಆಗ ನಿಮಗೆ 56. ಇನ್ನೂ ಕಾಲ ಮೀರಿಲ್ಲ ಶಾಂತಕ್ಕ” ಅಂದಳು ಜಯಮ್ಮ.

ಜಯಮ್ಮ ಏನು ಮಾಡಿದಳು?

ಮೊದಲು ಹೆಸರು ಸರಿ ಮಾಡಿಸಬೇಕಿತ್ತು. ಅದಕ್ಕೆ ಕೆಲಸಗಾರರೂ ಮಾಲೀಕರೂ ಸೇರಿ ಬರೆದುಕೊಡುವ ಜಂಟಿ ಘೋಷಣೆ ಬೇಕು. ಆ ಫ್ಯಾಕ್ಟರಿ ಮುಚ್ಚಿತ್ತು. ಆದ್ದರಿಂದ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಿ, ಹಳೆಯ ಚೀಟಿಗಳ ಜೊತೆ ಪಿಎಫ್ ಕಚೇರಿಗೆ ಕೊಟ್ಟಳು. ಆಮೇಲೆ ಹಳೆಯ ನಂಬರಿನ ಲೆಕ್ಕವನ್ನು ಹೊಸ ನಂಬರಿಗೆ ವರ್ಗಾಯಿಸಲು ಅರ್ಜಿ ಹಾಕಿದಳು.

ಒಂದೇ ದಿನಕ್ಕೆ ಆಗಲಿಲ್ಲ. ಮೂರು ಸಲ ಬಸ್ಸು ಹತ್ತಿದಳು. ಒಂದು ಸಲ ಬರಿಗೈಲಿ ಬಂದಳು. ಪ್ರತಿ ಸಲವೂ ಅರ್ಜಿಯ ನಕಲು ಇಟ್ಟುಕೊಂಡಳು. ಅರ್ಜಿ ಕೊಟ್ಟ ದಿನಾಂಕವನ್ನು ನೋಟ್‌ಬುಕ್ಕಿನಲ್ಲಿ ಬರೆದಳು. 58 ತುಂಬಿದ ಮೇಲೆ “10 ಡಿ” ಹಾಕಿದಳು. ಅದರ ಮೇಲೆ ತನ್ನ ಕೈಯಿಂದ “ಜಯಮ್ಮ” ಎಂದು ರುಜು ಮಾಡಿದಳು.

ಈಗ ತಿಂಗಳಿಗೆ 1,300 ರೂಪಾಯಿ ಬ್ಯಾಂಕಿಗೆ ಬರುತ್ತದೆ. ಇದು ದೊಡ್ಡ ಹಣವಲ್ಲ. ಗ್ಯಾಸಿಗೆ, ಮಾತ್ರೆಗೆ ಆಗುತ್ತದೆ. ಆದರೆ ಯಾರ ಮುಂದೆಯೂ ಕೈ ಚಾಚಿ ತಂದದ್ದಲ್ಲ. ನಿಂತು ನಿಂತು ದುಡಿದದ್ದು.

ನೆನಪಿಡಿ

1. ಹೊಸ ಫ್ಯಾಕ್ಟರಿ ಸೇರಿದಾಗ ಹಳೆಯ ಯುಎಎನ್ ಕೊಡಿ.
2. ಚೀಟಿಯಲ್ಲೂ ಆಧಾರ್‌ನಲ್ಲೂ ಹೆಸರು, ಹುಟ್ಟಿದ ದಿನಾಂಕ ಒಂದೇ ಇರಲಿ.
3. “10 ಸಿ” ಎಂದು ಕಂಡರೆ ಓದದೆ ರುಜು ಹಾಕಬೇಡಿ.
4. ಫೋನಿಗೆ ಬರುವ ಓಟಿಪಿ ಅಂಕಿಯನ್ನು ಯಾರಿಗೂ ಹೇಳಬೇಡಿ. ಅದೂ ರುಜುವಿನ ಹಾಗೆಯೇ.
5. ನಿಮ್ಮ ನಂತರ ಹಣ ಯಾರಿಗೆ ಸೇರಬೇಕು? ಅವರ ಹೆಸರನ್ನು ನಾಮಿನಿ ಎಂದು ಬರೆಸಿ.

ಹೊಸ ಪದಗಳು

ಪೆನ್ಷನ್, ಇಡುಗಂಟು, ಸರಾಸರಿ, ವರ್ಗಾವಣೆ, ಜಂಟಿ ಘೋಷಣೆ, ನಾಮಿನಿ

ಉತ್ತರ ಬರೆಯಿರಿ

1. ಪಿಎಫ್‌ಗೂ ಪೆನ್ಷನ್ನಿಗೂ ಏನು ವ್ಯತ್ಯಾಸ?
2. ಜಯಮ್ಮನಿಗೆ ಎರಡು ನಂಬರ್ ಯಾಕೆ ಬಂತು?
3. ಲೆಕ್ಕ ಮಾಡಿ: ಸರಾಸರಿ ಸಂಬಳ 9,800 ರೂಪಾಯಿ. ಸೇವೆ 15 ವರ್ಷ. ತಿಂಗಳ ಪೆನ್ಷನ್ ಎಷ್ಟು?
4. ನಿಮ್ಮ ಸಂಬಳದ ಚೀಟಿ ತನ್ನಿ. ನಿಮ್ಮ 12 ಅಂಕಿಯ ನಂಬರನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ನೀವೇ ಬರೆದುಕೊಳ್ಳಿ.