ರೈಲು ನಿಂತರೆ ನಿಲ್ದಾಣವೂ ಕತ್ತಲು!

ಮತ್ತಿಕೆರೆಯ ಓದುಗರೇ, ಗೊಂಬೆ ಹಬ್ಬಕ್ಕೆ ಯಶವಂತಪುರ ನಿಲ್ದಾಣದ ಮಾದರಿಯನ್ನೇ ಕಟ್ಟಲು ಹೊರಟಿದ್ದೀರಿ, ಭಲೇ! ನಿಮ್ಮ ಎಲ್‌ಇಡಿಗಳಲ್ಲಿ ದೋಷವಿಲ್ಲ, ಹಳಿಯಿಂದ ತಂತಿ ಎಳೆದದ್ದೇ ತಪ್ಪು. ಡಿಸಿ ಮಾದರಿ ರೈಲಿನ ಹಳಿಯಲ್ಲಿ ವೋಲ್ಟೇಜ್ ವೇಗದ ಜೊತೆ ಏರಿಳಿಯುತ್ತದೆ. ಗಾಡಿ ಹಿಂದಕ್ಕೆ ಹೊರಟರೆ ಪ್ಲಸ್ಸು-ಮೈನಸ್ಸೂ ಅದಲುಬದಲು. ಕಟ್ಟಡಗಳಿಗೆ 12 ವೋಲ್ಟ್‌ನ ಬೇರೆ ಅಡಾಪ್ಟರ್ ಇಡಿ.

ಎಲ್ಲ ದೀಪಕ್ಕೂ ಒಂದೇ ರೆಸಿಸ್ಟರ್ ಹಾಕಿದ್ದು ಉಳಿತಾಯವಲ್ಲ. ಪ್ಯಾರಲಲ್ ಆಗಿ ಜೋಡಿಸಿದ ಎಲ್‌ಇಡಿಗಳು ಕರೆಂಟನ್ನು ಸಮನಾಗಿ ಹಂಚಿಕೊಳ್ಳುವುದಿಲ್ಲ. ಒಂದು ಉರಿದು ಹೋಗುತ್ತದೆ, ಇನ್ನೊಂದು ಮಂಕಾಗುತ್ತದೆ. ಒಂದೊಂದಕ್ಕೂ ಒಂದೊಂದು ರೆಸಿಸ್ಟರ್ ಬೇಕು. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಸಾಕು. ಉಳಿದ 9 ವೋಲ್ಟ್‌ಗೆ 4.7 ಕಿಲೋಓಮ್ ಹಾಕಿದರೆ ಹರಿಯುವುದು ಹೆಚ್ಚುಕಡಿಮೆ 2 ಮಿಲಿಆಂಪಿಯರ್. 1:87 ಅಳತೆಯ ಕೋಣೆಗೆ ಅಷ್ಟೇ ಧಾರಾಳ. 20 ಹರಿಸಿದರೆ ವಠಾರದ ಮನೆಯೂ ಮದುವೆ ಛತ್ರದಂತೆ ಝಗಝಗಿಸುತ್ತದೆ. ಕಾಲು ವ್ಯಾಟ್‌ನ ರೆಸಿಸ್ಟರ್ ಸಾಕು, ಎಸ್‌.ಪಿ. ರಸ್ತೆಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ.

ಗೋಡೆಯೇ ಹೊಳೆಯುತ್ತಿದೆ ಎಂದಿದ್ದೀರಿ. ಒಳಗೆ ಮೊದಲು ಕಪ್ಪು ಬಣ್ಣ ಬಳಿದು, ಒಣಗಿದ ಮೇಲೆ ಬಿಳಿ ಹಚ್ಚಿ: ಕಪ್ಪು ಬೆಳಕನ್ನು ತಡೆಯುತ್ತದೆ, ಬಿಳಿ ಕೋಣೆಯೊಳಗೇ ಹರಡುತ್ತದೆ. ಚಾವಣಿಯ ಸಂದಿಗೆ ಕಪ್ಪು ಕಾಗದದ ಪಟ್ಟಿ. ಹಳೆಯ ಮನೆಗಳಿಗೆ ವಾರ್ಮ್ ವೈಟ್, ಪ್ಲಾಟ್‌ಫಾರ್ಮಿನ ಟ್ಯೂಬ್‌ಲೈಟಿಗೆ ಕೂಲ್ ವೈಟ್ ಒಪ್ಪುತ್ತದೆ. ರಟ್ಟಿನಿಂದ ಕೋಣೆಗಳನ್ನು ಬೇರ್ಪಡಿಸಿ, ಕೆಲವು ಕಿಟಕಿಗಳನ್ನು ಕತ್ತಲಾಗಿಯೇ ಬಿಡಿ. ಎಲ್ಲರ ಮನೆಯಲ್ಲೂ ಒಟ್ಟಿಗೆ ದೀಪ ಉರಿಯುವುದು ನಮ್ಮೂರಲ್ಲಿ ದೀಪಾವಳಿಗೆ ಮಾತ್ರ.

ಚಾವಣಿ ಅಂಟಿಸಬೇಡಿ. ಮುಂದಿನ ದಸರೆಗೆ ಒಂದು ದೀಪ ಕೈಕೊಟ್ಟರೆ ಚಾವಣಿಯನ್ನು ಎತ್ತಬೇಕಲ್ಲ.